ಕೈ ಎತ್ತದ ಏಳು ಜನ

2023ರ ಬೇಸಿಗೆಯಲ್ಲಿ ನಾನು ಕೂಡ್ಲಿಗಿಯ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ವಕೀಲಿಕೆಯ ಸನ್ನದು ಸಿಕ್ಕು ಎರಡು ವರ್ಷವಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅಮ್ಮ ಇನ್ನೂ ಒರೆಸಿ ಇಡುತ್ತಿದ್ದಳು. ಎದುರಿಗಿರುವವರ ಬಾಯಿ ಮುಚ್ಚಿಸಿದರೆ ಕೆಲಸ ಮುಗಿಯಿತು ಎಂದು ನಾನು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಕೆಡವಿದ್ದು ಯಾವ ನ್ಯಾಯಾಧೀಶರೂ ಅಲ್ಲ, ಕೊಟ್ಟೂರಿನ ಒಂದು ಲೇಔಟಿನಲ್ಲಿ ನೀರು ಬಿಡುತ್ತಿದ್ದ ಕೊಟ್ರಮ್ಮ.

ಉಜ್ಜಿನಿ ರಸ್ತೆಯ ಆ ಲೇಔಟಿನಲ್ಲಿ ಅರವತ್ತೆರಡು ಮನೆಗಳು, ಒಂದು ಬೋರ್‌ವೆಲ್, ಒಂದು ಟ್ಯಾಂಕು. ಲೇಔಟ್ ಮಾಡಿದವರು ಸೈಟುಗಳನ್ನು ಮಾರಿ ಹೋಗಿದ್ದರು. ನಿವಾಸಿಗಳ ಸಂಘವೆಂಬುದು ಕಾಗದದ ಮೇಲೂ ಇರಲಿಲ್ಲ. ಟ್ಯಾಂಕಿನ ಪಕ್ಕದ ಮನೆಯವರೆಂಬ ಒಂದೇ ತಪ್ಪಿಗೆ, ಬಟ್ಟೆ ಹೊಲಿದು ಬದುಕುವ ಕೊಟ್ರಮ್ಮನ ಕೈಗೆ ವಾಲ್ವಿನ ಕೀ ಬಂದಿತ್ತು. ನಾಲ್ಕು ವರ್ಷದಿಂದ ದಿನವೂ ಬೆಳಗಿನ ಐದಕ್ಕೆ ಎದ್ದು ನೀರು ಬಿಡುತ್ತಿದ್ದರು. ಈಗ ಮೊಣಕಾಲು ಸವೆದಿತ್ತು. ದಾವಣಗೆರೆಯ ಡಾಕ್ಟರು ಆಪರೇಷನ್ನಿಗೆ ಕೊಟ್ಟ ಎರಡು ದಿನಾಂಕಗಳನ್ನು ಅವರು ಆಗಲೇ ತಪ್ಪಿಸಿದ್ದರು. ಮೂರನೆಯದಕ್ಕೆ ಇನ್ನು ಮೂರು ವಾರವಿತ್ತು. ಅಷ್ಟರೊಳಗೆ ಸಂಘ ಮಾಡಿ ಕೀ ಒಪ್ಪಿಸಬೇಕೆಂದು ನಮ್ಮ ಕಚೇರಿಗೆ ಬಂದಿದ್ದರು, ಹಿರಿಯರು ಆ ಕೆಲಸವನ್ನು ನನಗೆ ವಹಿಸಿದ್ದರು.

‘ಯಾರಾದರೂ ಒಬ್ಬರಿಗೆ ಕೀ ಕೊಟ್ಟು ಹೋಗಬಹುದಲ್ಲ?’ ಎಂದು ಮೊದಲ ದಿನವೇ ಕೇಳಿದೆ.

‘ಒಬ್ಬರ ಕೈಯಾಗ ಕೊಟ್ರ ಬೈಗಳೆಲ್ಲ ಒಬ್ಬರಿಗೇ ಬೀಳ್ತಾವು ಯವ್ವಾ. ತಿಂಗಳಾಗೋದ್ರಾಗ ಕೀ ಬಾವಿಗೆ ಒಗದು ಹೋಗ್ತಾರ. ಏಳು ಮಂದಿಗೆ ಹಂಚಿದ್ರ ಯಾರಿಗೂ ಹೊಟ್ಟಿ ತುಂಬಂಗಿಲ್ಲ.’

ಕಾನೂನೂ ಅದನ್ನೇ ಹೇಳುತ್ತದೆ, ಬೇರೆ ಕಾರಣಕ್ಕೆ. ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಜನ ಸಹಿ ಹಾಕಬೇಕು. ಕಾರ್ಯಕಾರಿ ಸಮಿತಿಯಲ್ಲಿ ಯಾರಿದ್ದಾರೆಂದು ಬರೆದು ಕೊಡಬೇಕು. ಸಂಘದ ನಿಯಮಾವಳಿಯನ್ನು ಬೈಲಾ ಎನ್ನುತ್ತೇವೆ. ಅದನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಉಳಿದದ್ದು ಏಳು ಹೆಸರು. ಅರವತ್ತೆರಡು ಮನೆಗಳಲ್ಲಿ ಏಳು ಜನ ಸಿಗುವುದಿಲ್ಲವೇ?

ಭಾನುವಾರ ಟ್ಯಾಂಕಿನ ಕೆಳಗೆ ಸಭೆ ಕರೆದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು. ನಲವತ್ತಕ್ಕೂ ಹೆಚ್ಚು ಜನ ಬಂದರು. ನಾನು ಹದಿನೈದು ನಿಮಿಷ ನಾಗರಿಕ ಹೊಣೆಯ ಬಗ್ಗೆ ಮಾತಾಡಿ, ‘ಸಮಿತಿಗೆ ಸಿದ್ಧರಿರುವವರು ದಯವಿಟ್ಟು ಕೈ ಎತ್ತಿ’ ಎಂದೆ. ಒಂದೇ ಒಂದು ಕೈ ಎದ್ದಿತು, ನಿವೃತ್ತ ಡ್ರಿಲ್ ಮೇಷ್ಟ್ರು ವೀರಭದ್ರಪ್ಪನವರದು.

‘ಮೈಕ್ ಕುಂಯ್ ಅಂತೈತಿ. ಬಂದ್ ಮಾಡ್ರಿ. ನಿಮ್ಮ ದನಿನೇ ಸಾಕು.’

ಅಂದಿನಿಂದ ಮನೆಮನೆ ಹತ್ತಿದೆ. ಜೊತೆಗೊಂದು ನೋಟ್‌ಬುಕ್. ಚರ್ಚಾಸ್ಪರ್ಧೆಯ ಅಭ್ಯಾಸದಂತೆ ಎರಡು ಕಾಲಂ ಹಾಕಿದ್ದೆ: ಒಂದರಲ್ಲಿ ಅವರ ವಾದ, ಇನ್ನೊಂದರಲ್ಲಿ ನನ್ನ ಖಂಡನೆ. ‘ಟೈಮ್ ಇಲ್ರಿ’ ಎಂದವರಿಗೆ ತಿಂಗಳಿಗೆ ಎರಡು ಗಂಟೆಯ ಕೆಲಸವೆಂದು ಲೆಕ್ಕ ಬಿಡಿಸಿ ತೋರಿಸಿದೆ. ‘ನಮಗ ಓದಾಕ ಬರಂಗಿಲ್ಲ’ ಎಂದವರಿಗೆ ಬೈಲಾದಲ್ಲಿ ಅಂಥ ಅರ್ಹತೆಯೇ ಇಲ್ಲವೆಂದು ಓದಿ ಹೇಳಿದೆ. ನನ್ನ ಒಂದೂ ವಾದ ಸೋಲಲಿಲ್ಲ. ಕುರಿ ವ್ಯಾಪಾರದ ಹಾಲಪ್ಪ ಅರ್ಧ ಗಂಟೆ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: ‘ನೀವು ಹೇಳಾದು ಖರೇ ಐತ್ರಿ ಲಾಯರಮ್ಮ. ಎಲ್ಲಾ ಒಪ್ಪಿಕೊಂಡೆ. ಆದ್ರ ನನ್ನ ಹೆಸರು ಬ್ಯಾಡ.’

ಬಾಗಿಲು ಮುಚ್ಚುವ ಮುನ್ನ ಹೆಚ್ಚಿನವರು ಇನ್ನೊಬ್ಬರ ಹೆಸರು ಹೇಳುತ್ತಿದ್ದರು: ‘ನಾ ಅಲ್ರಿ, ಅವರನ್ನ ಕೇಳ್ರಿ.’ ಅದಕ್ಕೆಂದೇ ಮೂರನೆಯ ಕಾಲಂ ಎಳೆದು, ಮೇಲೆ ‘ನುಣುಚಿಕೊಂಡದ್ದು’ ಎಂದು ಬರೆದೆ. ಹನ್ನೊಂದು ದಿನ ಕಳೆದಾಗ ಮೂರೂ ಕಾಲಂಗಳು ತುಂಬಿದ್ದವು, ಸಮಿತಿ ಮಾತ್ರ ಖಾಲಿ. ದಾವಣಗೆರೆಯ ದಿನಾಂಕಕ್ಕೆ ಹತ್ತು ದಿನ ಉಳಿದಿತ್ತು.

‘ಮುಂದಕ್ಕ ಹಾಕ್ರಿ ಅಂತ ಡಾಕ್ಟರಿಗೆ ಫೋನ್ ಹಚ್ಚಿ ಹೇಳ್ತೀನಿ ಬಿಡು,’ ಎಂದರು ಕೊಟ್ರಮ್ಮ. ಮಾತು ಹಗುರಾಗಿತ್ತು, ಆದರೆ ಕುರ್ಚಿಯಿಂದ ಏಳುವಾಗ ಹೊಲಿಗೆ ಮಿಷನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ‘ಆ ಬುಕ್ಕಿನ್ಯಾಗ ಏನೇನು ಬರಕೊಂಡಿ, ಓದು ಕೇಳೋಣ.’

ಓದಿದೆ. ನನ್ನ ಖಂಡನೆಗಳಿಗೆ ಅವರು ಆಕಳಿಸಿದರು. ಮೂರನೆಯ ಕಾಲಮ್ಮಿಗೆ ಬಂದಾಗ ಕೈ ಅಡ್ಡ ಹಿಡಿದರು.

‘ಹಾಲಪ್ಪ ಯಾರ ಹೆಸರು ಹೇಳ್ಯಾನ?’

‘ಪಕ್ಕದ ಮನೆ ಮರುಳಸಿದ್ದಪ್ಪನವರದು. ಪೈಪಿನ ಅಂಗಡಿಯವರು.’

‘ಅವರಿಬ್ಬರೂ ಮಾತು ಬಿಟ್ಟು ಎರಡು ವರ್ಷ ಆತಲ್ಲ. ಹಾಲಪ್ಪನ ಟಗರು ಅವರ ದಾಸವಾಳದ ಗಿಡ ಬೋಳಿಸಿತ್ತು. ಏನಂದ, ಪೂರಾ ಓದು.’

‘“ನನ್ನ ಕೂಡ ಮಾತಾಡಂಗಿಲ್ಲ, ಅದು ಬ್ಯಾರೆ. ಆದ್ರ ಒಂದು ಕೊಡ ನೀರು ಹೆಚ್ಚಿಗಿ ಹಿಡಿಯೋ ಮನುಷ್ಯಾ ಅಲ್ಲ ಅವ.”’

ಕೊಟ್ರಮ್ಮ ಆ ಕಾಲಮ್ಮಿನ ಮೇಲೆ ಬೆರಳಿಟ್ಟರು. ‘ಇದಕ್ಕ ನುಣುಚಿಕೊಂಡದ್ದು ಅಂತ ಬರದೀಯಲ್ಲ, ನಿಂದೆಂಥಾ ವಕೀಲಿ? ಇದು ಸಾಕ್ಷಿ ಯವ್ವಾ. ನಮ್ಮ ಕಡಿ ತಾನಾಗೇ ಕೈ ಎತ್ತಿದ್ರ, ಇವಗೇನೋ ಬೇಕಾಗೇತಿ ಅಂತಾರ. ಮರ್ಯಾದಿ ಇದ್ದಾವ ಹೆಂಗ ಎತ್ತಬೇಕು? ಬ್ಯಾರೆಯವರು ಹೆಸರು ಹಿಡಿದು ಕರೀಬೇಕು.’

ನಾನೂ ಬಿಡಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ತಂದರೆ ಕೋರ್ಟು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದೆ.

‘ಕೋರ್ಟಿನ್ಯಾಗ ನೀರು ಬಿಡಾದಿಲ್ಲಲ್ಲ,’ ಎಂದರು.

ಮರುದಿನ ಮರುಳಸಿದ್ದಪ್ಪನವರ ಅಂಗಡಿಗೆ ಹೋದಾಗ ನನ್ನ ಬಳಿ ಹೊಸ ವಾದವಿರಲಿಲ್ಲ. ಸಂಶಯವಿತ್ತು. ನೋಟ್‌ಬುಕ್ ತೆಗೆದು ಹಾಲಪ್ಪ ಹೇಳಿದ ಮಾತನ್ನಷ್ಟೇ ಓದಿದೆ. ಪೈಪು ಅಳೆಯುತ್ತಿದ್ದವರು ಟೇಪನ್ನು ಹಾಗೇ ಬಿಟ್ಟರು. ಅದು ಸರ್ರನೆ ಸುತ್ತಿಕೊಂಡಿತು.

‘ಹಾಲಪ್ಪ ಅಂದ್ನಾ?’

‘ಹೌದು.’

‘ಇನ್ನೊಮ್ಮಿ ಓದ್ರಿ.’

ಓದಿದೆ. ಅವರು ಟೇಪನ್ನು ಎತ್ತಿ ಗಲ್ಲಾದ ಮೇಲಿಟ್ಟರು. ಆಮೇಲೆ, ‘ಅವ ಬಂದ್ರ ನಾನೂ ಬರ್ತೀನಿ. ಅವನ ಮುಂದ ಹೇಳ್ರಿ, ನಾನೇ ಹೆಸರು ಹೇಳೀನಿ ಅಂತ. ಕುರಿ ಕಾದಾವ. ನೂರರಾಗ ಒಂದು ಕಡಿಮಿ ಆದ್ರ ಎಣಿಸಲಾರದೇ ತಿಳೀತೈತಿ ಅವಗ. ಅಂಥಾವ ಬೇಕು,’ ಎಂದರು. ನಾನು ಬರೆದುಕೊಳ್ಳುವಾಗ ಸೇರಿಸಿದರು, ‘ಟಗರಿನ ಸುದ್ದಿ ಬ್ಯಾರೆ ಇಟ್ಟೀನಿ, ಅದನ್ನೂ ಹೇಳ್ರಿ.’

ಸಂಜೆ ಹಾಲಪ್ಪನ ಮನೆಯ ಕಟ್ಟೆಯ ಮೇಲೆ ಅದನ್ನು ಓದಿದೆ. ಆತ ಟವೆಲಿನಿಂದ ಮುಖ ಒರೆಸಿಕೊಂಡು, ಎಲ್ಲಿ ಸಹಿ ಹಾಕಬೇಕೆಂದು ಕೇಳಿದ. ಮುಂದಿನದು ನನ್ನ ಜಾಣತನವಲ್ಲ. ಹಳೆಯ ಕಾಲಂ ನೋಡಿಕೊಂಡು, ಹೆಸರಿದ್ದವರ ಮನೆಗೆ ಹೋಗಿ ಹೇಳಿದವರ ಮಾತನ್ನು ತಲುಪಿಸಿದೆ, ಅಷ್ಟೆ. ಐದು ದಿನದಲ್ಲಿ ಆರು ಸಹಿಗಳಾದವು. ಒಬ್ಬಿಬ್ಬರು ಆಗಲೂ ಒಪ್ಪಲಿಲ್ಲ, ಆದರೆ ಚಹಾ ಕುಡಿಸದೆ ಕಳಿಸಲಿಲ್ಲ.

ಏಳನೆಯದಕ್ಕೆ ಆರೂ ಜನ ಕೊಟ್ರಮ್ಮನ ಹೆಸರನ್ನೇ ಹೇಳಿದರು.

‘ಬಿಡಾಕಂತ ಇಷ್ಟೆಲ್ಲಾ ಮಾಡಿದ್ರ, ತಿರುಗಿ ನನಗೇ ಗಂಟು ಹಾಕ್ತೀರೇನು?’ ಎಂದು ರೇಗಿದರೂ ಅವರ ಕಣ್ಣು ನಗುತ್ತಿತ್ತು. ‘ನಾನೂ ಒಂದು ಹೆಸರು ಹೇಳ್ತೀನಿ, ಬರಕೋ. ಡ್ರಿಲ್ ಮೇಷ್ಟ್ರು.’

ನಾನು ಪೆನ್ನು ಎತ್ತಲಿಲ್ಲ. ಐದು ನಿಮಿಷ ನೀರು ತಡವಾದರೆ ಗೇಟಿನಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಕೊಟ್ರಮ್ಮನನ್ನು ಬೈಯುತ್ತಿದ್ದ ಮನುಷ್ಯ ಆ ಮೇಷ್ಟ್ರು. ಕಾರಣ ಕೇಳಿದೆ.

‘ನಾಕು ವರ್ಷ ದಿನಾ ಐದಕ್ಕ ಬೈದಾರ. ಅಂದ್ರ ದಿನಾ ಐದಕ್ಕ ಎದ್ದಾರ. ಈ ಲೇಔಟಿನ್ಯಾಗ ಮತ್ಯಾರದಾರ ಹಂಗ?’

ಇದನ್ನು ಮೇಷ್ಟ್ರ ಮುಂದೆ ಅಕ್ಷರಶಃ ಓದಿದೆ. ಬೈಗುಳದ ಭಾಗವನ್ನೂ ಬಿಡಲಿಲ್ಲ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಆಮೇಲೆ, ‘ಆಪರೇಷನ್ ಯಾವತ್ತು?’ ಎಂದು ಕೇಳಿದರು. ಸೋಮವಾರ ಎಂದೆ. ‘ಹಂಗಾರ ಶನಿವಾರದಿಂದ ಕಲ್ಸಾಕ ಹೇಳ್ರಿ. ವಾಲ್ವು ಎಷ್ಟು ಸುತ್ತು, ಏನು, ಎಲ್ಲಾ.’

ಸೋಮವಾರ ಬೆಳಿಗ್ಗೆ ಕೊಟ್ರಮ್ಮ ದಾವಣಗೆರೆಯ ಕಾರು ಹತ್ತಿದಾಗ ನಲ್ಲಿಗಳಲ್ಲಿ ನೀರು ಬರುತ್ತಿತ್ತು.

ನಾನು ವಾದವನ್ನು ಬಿಟ್ಟಿಲ್ಲ, ಅದು ನನ್ನ ಅನ್ನ. ಜನ ಒಳ್ಳೆಯವರೆಂಬ ಸುಲಭದ ತೀರ್ಮಾನಕ್ಕೂ ಬಂದಿಲ್ಲ. ಈ ಕೆಲಸ ಕಲಿಸಿದ್ದು ಬೇರೆ: ಒಬ್ಬರು ‘ಒಲ್ಲೆ’ ಎಂದ ಮೇಲೆ ಆಡುವ ಮಾತನ್ನು ಪೂರ್ತಿ ಕೇಳಬೇಕು, ನಮಗೆ ಬೇಕಾದದ್ದು ಬಹಳ ಸಲ ಅಲ್ಲೇ ಇರುತ್ತದೆ. ಈಗಲೂ ಕಕ್ಷಿದಾರರ ಜೊತೆ ಕೂತಾಗ ನೋಟ್‌ಬುಕ್ಕಿನಲ್ಲಿ ಮೂರನೆಯ ಕಾಲಂ ಎಳೆಯುತ್ತೇನೆ. ತಲೆಬರಹ ಮಾತ್ರ ಬದಲಾಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನೋಂದಣಿ ಪ್ರಮಾಣಪತ್ರ ಬಂತು. ಅದನ್ನು ಕೊಡಲು ಕೊಟ್ಟೂರಿಗೆ ಹೋದವಳು ಕೊಟ್ರಮ್ಮನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದಾಗ ಅವರು ಊರುಗೋಲು ಹಿಡಿದು ಗೇಟಿನಲ್ಲಿ ನಿಂತಿದ್ದರು. ಟ್ಯಾಂಕಿನ ಕಡೆ ಟಾರ್ಚಿನ ಬೆಳಕು ಓಡೋಡಿ ಬರುತ್ತಿತ್ತು.

‘ಏನ್ರೀ ಮೇಷ್ಟ್ರ,’ ಇಡೀ ಬೀದಿಗೆ ಕೇಳುವಂತೆ ಕೂಗಿದರು, ‘ಐದು ನಿಮಿಷ ತಡ ಆತು.’