ಕೆಂಪು ಬೀಳದ ಗಿಳಿ

ಲಂಡನ್ನಿನ ಕ್ಲರ್ಕನ್‌ವೆಲ್‌ನ ಒಂದು ಮಾಳಿಗೆಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಿದ್ದ ಮೇಜಿನ ಆಚೆಯೊಬ್ಬಳು ಈಚೆಯೊಬ್ಬಳು ಕೂತು ಪೆನ್‌ಫೋಲ್ಡ್ ಅಕ್ಕತಂಗಿಯರು ಪ್ರಾಯವನ್ನೆಲ್ಲ ಹಕ್ಕಿಗಳಿಗೆ ಬಣ್ಣ ಹಚ್ಚುವುದರಲ್ಲೇ ಸವೆಸಿದರು. ಕಲ್ಲಚ್ಚಿನಲ್ಲಿ ಬರೀ ಕಪ್ಪುಗೆರೆಯಾಗಿ ಮೂಡಿದ ಹಾಳೆಗಳನ್ನು ಪುಸ್ತಕದಂಗಡಿಯ ಥ್ರಪ್ ಸಾಹೇಬ ಕಳಿಸುತ್ತಿದ್ದ. ನೋಡಿಕೊಳ್ಳಲು ಬಣ್ಣ ತುಂಬಿದ ಮಾದರಿಯೂ ಜೊತೆಗೆ ಬರುತ್ತಿತ್ತು. ಅಕ್ಕ ಲವೀನಿಯ ಹಸಿರು, ನೀಲಿ ಹಚ್ಚಿ ಹಾಳೆಯನ್ನು ಆಚೆ ತಳ್ಳುವಳು. ತಂಗಿ ಡಾರ್ಕಸ್ ಕೆಂಪು, ಹಳದಿ ತುಂಬಿ, ಕೊನೆಗೆ ಕಣ್ಣಿಗೊಂದು ಹೊಳಪು ಇಡುವಳು. ಹಾಳೆಗಳಲ್ಲಿ ಹೆಚ್ಚಿನವು ಗಿಳಿಗಳೇ. ಅವು ಹಾರಾಡುವ ನಾಡನ್ನು ಇಬ್ಬರೂ ಕಂಡವರಲ್ಲ.

“ನಿನ್ನ ಗಿಳಿ ಕುಡಿದು ಬಂದ ಹಾಗೆ ನೋಡ್ತಿದೆ ಕಣೇ,” ಎಂದು ಲವೀನಿಯ ಛೇಡಿಸುವಳು.

“ನೀನು ಬಳಿದ ಹಸಿರು ನೋಡಿ ತಲೆ ತಿರುಗಿರ್ಬೇಕು ಪಾಪ!”

ಒಂದು ಚಳಿಗಾಲ ಲವೀನಿಯಳಿಗೆ ಕೆಮ್ಮು ಹಿಡಿಯಿತು. ಹಿಮ ಕರಗುವ ಮೊದಲೇ ತೀರಿಕೊಂಡಳು.

ಎಲ್ಲ ಬಣ್ಣವೂ ಡಾರ್ಕಸಳ ಪಾಲಿಗೇ ಬಂತು. ತನ್ನ ಜಾಗದಲ್ಲಿ ಕೂತರೆ ಹಸಿರು ಕೈಗೆ ಹತ್ತದು. ಎದ್ದು ಅಕ್ಕನ ಕುರ್ಚಿಗೆ ಹೋಗಿ ಹಸಿರು ಹಚ್ಚಿ, ಮತ್ತೆ ತನ್ನ ಕುರ್ಚಿಗೆ ಬಂದು ಕೆಂಪಿಗೆ ತೊಡಗುವಳು. ಹಾಲಿನವಳೊಡನೆ ಬೆಳಿಗ್ಗೆ ಒಂದು ಮಾತು ಆಡಿದರೆ ಆಡಿದಳು. ಆಮೇಲೆ ದಿನವಿಡೀ ಮಾತಿಗೆ ಯಾರೂ ಇಲ್ಲ.

ವಸಂತದಲ್ಲಿ ಥ್ರಪ್ ಒಂದು ಕಟ್ಟು ಕಳಿಸಿದ. ಕಾಯಿಲೆಯ ಗಡಿಬಿಡಿಯಲ್ಲಿ ಅರೆಬರೆಯಾಗಿಯೇ ಅಂಗಡಿ ಸೇರಿದ್ದ ಗಿಳಿಯೊಂದು ಅದರಲ್ಲಿತ್ತು. ಎದೆ, ಬೆನ್ನು ಲವೀನಿಯಳ ಹಸಿರು. ರೆಕ್ಕೆ ಮಾತ್ರ ಬಿಳಿ. ಡಾರ್ಕಸ್ ಕುಂಚವನ್ನು ಕೆಂಪಿಗೆ ಅದ್ದಿದಳು. ಕೈ ಮುಂದೆ ಹೋಗಲಿಲ್ಲ. ಕುಂಚ ತೊಳೆದಿಟ್ಟು, ಕಟ್ಟಿನಲ್ಲಿ ಹೆಚ್ಚಿಗಿದ್ದ ಹಾಳೆ ತೆಗೆದು, ಅದೇ ಗಿಳಿಯನ್ನು ತಲೆಯಿಂದ ಬಾಲದವರೆಗೆ ತಾನೇ ತುಂಬಿದಳು. ಒಣಗಿದ ಮೇಲೆ ಎರಡನ್ನೂ ಅಂಗಡಿಗೆ ಒಯ್ದಳು.

“ಇದನ್ನ ನೀವಿಟ್ಕೊಳ್ಳಿ. ಆ ಇನ್ನೊಂದು ನನಗಿರಲಿ ಸಾಹೇಬರೇ.”

ಥ್ರಪ್ ಕನ್ನಡಕ ಏರಿಸಿದ. “ಮುಗಿದದ್ದು ಕೊಟ್ಟು ಅರ್ಧಂಬರ್ಧದ್ದು ಕೇಳ್ತೀಯಲ್ಲಮ್ಮ! ತಲೆ ನೆಟ್ಟಗಿದೆ ತಾನೆ?”

“ಇಲ್ಲ ಅಂತಲೇ ಇಟ್ಕೊಳ್ಳಿ. ಕೊಡ್ತೀರಾ?”

ಅವಳ ಮುಖ ನೋಡಿ ಅವನ ನಗೆ ಇಂಗಿತು. “ತಗೊಂಡು ಹೋಗು,” ಎಂದ.

ಅದನ್ನು ಹಾಸಿಗೆಯ ತಲೆದೆಸೆಯ ಗೋಡೆಗೆ ಅಂಟಿಸಿದಳು. ಮನೆ ಒಡತಿ ನೋಡಿ, “ರೆಕ್ಕೆ ಬಿಟ್ಟೇಬಿಟ್ಟಿದ್ದೀಯಲ್ಲೇ! ಒಂದಿಷ್ಟು ಕೆಂಪು ಬಳಿಯೋಕೆ ಸೋಮಾರಿತನವೇ?” ಎಂದಳು.

“ಬಳಿದ್ರೆ ಮುಗಿದೇ ಹೋಗುತ್ತಲ್ಲ,” ಎಂದಳು ಡಾರ್ಕಸ್.

ಮುಂದೆ ಬಣ್ಣವನ್ನೂ ಯಂತ್ರವೇ ಅಚ್ಚು ಹಾಕತೊಡಗಿತು. ಥ್ರಪ್ಪನ ಕಟ್ಟುಗಳು ನಿಂತವು. ಡಾರ್ಕಸ್ ಕೈಗವಸು ಹೊಲಿದು ಹೊಟ್ಟೆ ಹೊರೆದಳು. ಸಂಜೆ ಸೂಜಿ ಎತ್ತಿಟ್ಟ ಮೇಲೆ ಗೋಡೆಯ ಗಿಳಿಯ ಮುಂದೆ ನಿಂತು, ಬೀದಿಯಲ್ಲಿ ಯಾರ ಕುದುರೆ ಜಾರಿತು, ರೊಟ್ಟಿಯಂಗಡಿಯವಳು ಯಾರೊಡನೆ ಜಗಳ ತೆಗೆದಳು ಎಂದು ಅಕ್ಕನಿಗೆ ಒಂದೂ ಬಿಡದೆ ಹೇಳುವಳು.