ಹೊಳೆಯಲ್ಲಿ ಹೋದ ಅಜ್ಜ

ಅವರ ಮನೆತನದಲ್ಲಿ ಹುಟ್ಟಿದವರಿಗೆ ಎಡಗಾಲಿನ ಎರಡು ಬೆರಳು ಅಂಟಿಕೊಂಡೇ ಇರುತ್ತಿದ್ದವು. ಬೀದಿಯವರು 'ಬಾತುಕೋಳಿ ವಂಶ' ಎಂದು ಆಡಿಕೊಳ್ಳುತ್ತಿದ್ದರು. ಆ ವಂಶದವನೇ ನೀರುಪಾಲಾದನಲ್ಲ ಎಂಬ ಕುಹಕ ಬೇರೆ. ದೋಣಿ ನಡೆಸುತ್ತಿದ್ದ ಅಜ್ಜ ಪ್ರವಾಹದಲ್ಲಿ ಕೊಚ್ಚಿಹೋಗಿದ್ದ. ದೋಣಿ ಸಿಕ್ಕಿತು, ಹೆಣ ಸಿಗಲಿಲ್ಲ. ಅಜ್ಜಿ ಕಂಡವರ ಬಟ್ಟೆ ಒಗೆದು ಒಬ್ಬನೇ ಮಗನನ್ನು ಸಾಕಿದಳು, ಬೂಟು ಹೊಲಿಯುವ ಕೆಲಸಕ್ಕೆ ಸೇರಿಸಿದಳು.

ಆ ಮಗನಿಗೆ ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಅವನ ಚಪ್ಪಲಿ ಅಂಗಡಿ ಮಗಳ ಕೈಗೆ ಬಂತು. ಅಂಟು, ತೊಗಲಿನ ವಾಸನೆಯ ಆ ಇಕ್ಕಟ್ಟು ಕೋಣೆಗೆ ಒಂದು ದಿನ ನಿವೃತ್ತ ನರ್ಸೊಬ್ಬರು ಕುಂಟುತ್ತ ಬಂದರು.

"ಯಾವ ಚಪ್ಪಲೀನೂ ಆಗಿಬರಲ್ಲ ಕಣಮ್ಮ. ನಗಬೇಡ, ನನ್ನ ಕಾಲೇ ಹೀಗೆ."

ಅಳತೆಗೆಂದು ಕಾಗದದ ಮೇಲಿಟ್ಟ ಎಡಗಾಲನ್ನು ಕಂಡು ಅವಳ ಪೆನ್ಸಿಲ್ ನಿಂತೇಬಿಟ್ಟಿತು. "ಇದು ಯಾರಿಂದ ಬಂತು ನಿಮಗೆ?"

"ನಮ್ಮಪ್ಪನಿಂದ."

"ಯಾವೂರು ಅವರದು?"

"ಯಾರಿಗೆ ಗೊತ್ತು! ಕೇಳಿದ್ರೆ 'ಹೊಳೇಲಿ ತೇಲಿ ಬಂದೆ' ಅಂತಿದ್ರು. ತಮಾಷೆ ಅಂದ್ಕೊಂಡಿದ್ವಿ."

ಅವಳು ಅಳತೆ ಬರೆದುಕೊಂಡಳು. ಮನೆಗೆ ಹೋಗಿ ಹೇಳಿದಾಗ ಅಪ್ಪ ಎತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಆಮೇಲೆ, "ಅವರಪ್ಪನ ಎಡಗಿವಿ ಹೇಗಿತ್ತು ಅಂತ ಕೇಳು. ದೋಣಿ ಹಗ್ಗ ಸಿಕ್ಕಿ ನಮ್ಮಪ್ಪನ ಕಿವಿಹಾಲೆ ಹರಿದಿತ್ತು," ಎಂದ.

ಚಪ್ಪಲಿ ಒಯ್ಯಲು ಬಂದ ನರ್ಸನ್ನು ಅದನ್ನೇ ಕೇಳಿದಳು.

"ಹರಿದಿತ್ತು. ನಿನಗೆ ಹೇಗೆ ಗೊತ್ತು?"

ಅವಳು ತನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ತೋರಿಸಿದಳು. ನರ್ಸು ತಮ್ಮ ಎಡಗಾಲನ್ನೂ ಅದರ ಪಕ್ಕ ತಂದಿಟ್ಟರು.

ಆ ಭಾನುವಾರ ಅಪ್ಪ-ಮಗಳು ಬಸ್ಸು ಹತ್ತಿ, ಹೊಳೆಗುಂಟ ಕೆಳಗಿನ ಊರಲ್ಲಿದ್ದ ನರ್ಸಿನ ಮನೆಗೆ ಹೋದರು. ನರ್ಸು ಬಾಗಿಲಲ್ಲೇ "ಬಾ ಅಣ್ಣ" ಅಂದರು. ಅವನು ಗೋಡೆಯ ಮೇಲಿದ್ದ ಫೋಟೋದ ಹತ್ತಿರ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ನರೆತ ತಲೆ, ಹರಿದ ಕಿವಿ.

"ಹೇಗೆ ಸತ್ತ?"

"ಉಬ್ಬಸ. ಎಪ್ಪತ್ತು ದಾಟಿತ್ತು."

"ಹೊಡೀತಿದ್ನಾ ನಿಮ್ಮನ್ನ?"

"ಅಯ್ಯೋ ಇಲ್ಲಪ್ಪ. ತೊಡೆ ಮೇಲೆ ಕೂರಿಸ್ಕೊಂಡು ಉಣ್ಣಿಸೋರು." ಹೇಳಿದ ಮೇಲೆ ನರ್ಸು ನಾಲಿಗೆ ಕಚ್ಚಿಕೊಂಡರು.

"ಹೂಂ," ಅಂದ ಅಪ್ಪ. "ಯಾಕೆ ಬಿಟ್ಟು ಬಂದ ಅಂತ ಏನಾದ್ರೂ?"

"ನಮ್ಮಮ್ಮನಿಗೂ ಹೇಳ್ಲಿಲ್ಲ ಅಣ್ಣ."

ಅಲ್ಲಿಗೆ ಆ ಮಾತು ಮುಗಿಯಿತು. ಊಟ ಮಾಡಿದರು. ಮಂಡಿನೋವಿನ ವಿಷಯದಲ್ಲಿ ಇಬ್ಬರೂ ಒಂದೇ ಸಮ ದೂರಿದರು. ಹೊರಡುವಾಗ ಅವನು ತಂಗಿಯ ತಲೆಯ ಮೇಲೆ ಕೈಯಿಟ್ಟ.

ಬಸ್ಸಿನಲ್ಲಿ ಮಗಳು, ಅಪ್ಪ ಅಳಬಹುದೆಂದು ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಅವನು ಅಳಲಿಲ್ಲ.

"ಮುಂದಿನ ಸಲ ಬರುವಾಗ ನಿನ್ನಜ್ಜಿ ಫೋಟೋ ತಗೊಂಡು ಬರೋಣ," ಎಂದ. "ಅವನ ಪಕ್ಕದಲ್ಲೇ ಮೊಳೆ ಹೊಡೆದು ಹಾಕ್ತೀನಿ. ಇನ್ನು ಎಲ್ಲಿಗೆ ಹೋಗ್ತಾನೆ ನೋಡ್ತೀನಿ."