ಅತಿಥಿ ಒಬ್ಬರು, ರೊಟ್ಟಿ ಎರಡು

ಆರೋಗ್ಯ ಮತ್ತು ಪೋಷಣೆಯ ರಾಷ್ಟ್ರೀಯ ಸಮೀಕ್ಷೆಗಾಗಿ ಹುಬ್ಬಳ್ಳಿಯಲ್ಲಿ ಮನೆ ಮನೆ ತಿರುಗುವ ಕೆಲಸ ಸಿಕ್ಕಾಗ ಅಪ್ಪನ ಜೊತೆ ನನ್ನದೊಂದು ಕರಾರಾಗಿತ್ತು. ಈ ಸುತ್ತು ಮುಗಿದ ಮೇಲೆ ಮುಂದಿನ ಸುತ್ತಿಗೂ ನನ್ನನ್ನು ಉಳಿಸಿಕೊಂಡರೆ ಅವರು ಒಂದು ವರ್ಷ ಮದುವೆ ಮಾತು ಎತ್ತುವಂತಿಲ್ಲ. ಉಳಿಸಿಕೊಳ್ಳದಿದ್ದರೆ, ಮೂರು ತಿಂಗಳಿಂದ ಕಾಯುತ್ತಿದ್ದ ವರನೊಬ್ಬ ಬರುವ ಭಾನುವಾರವೇ ನಮ್ಮ ಮನೆಗೆ ಬಂದು ಅವಲಕ್ಕಿ ತಿಂದು ಹೋಗುತ್ತಾನೆ.

ಕೆಲಸ ಉಳಿಸಿಕೊಳ್ಳುವುದು ಕಷ್ಟವೇನಿರಲಿಲ್ಲ, ಬಾಯಿ ಕಟ್ಟಬೇಕಿತ್ತು ಅಷ್ಟೆ. ಸಮೀಕ್ಷೆಯ ಮನೆಯಲ್ಲಿ ಯಾರೂ ಏನೂ ತಿನ್ನಕೂಡದು, ಚಹಾ ಸಹಿತ, ಎಂದು ನಮ್ಮ ಮೇಲ್ವಿಚಾರಕರು ತರಬೇತಿಯ ಮೊದಲ ದಿನವೇ ಹೇಳಿದ್ದರು. ಜನ ಏನು ಉಣ್ಣುತ್ತಾರೆಂದು ಕೇಳಲು ಹೋದವರೇ ಅವರ ಊಟಕ್ಕೆ ಕೈ ಹಾಕಿದರೆ ಉತ್ತರ ಕೆಡುತ್ತದಂತೆ. ಮೊದಲ ವಾರದಲ್ಲೇ ಒಬ್ಬನನ್ನು ಅರ್ಧ ಕಪ್ ಚಹಾಕ್ಕಾಗಿ ಮನೆಗೆ ಕಳಿಸಿದರು. ಈ ನಿಯಮ ಬರೆದವರು ಯಾವ ಊರಿನವರೋ ಗೊತ್ತಿಲ್ಲ, ಧಾರವಾಡ ಜಿಲ್ಲೆಯವರಂತೂ ಅಲ್ಲ. ಇಲ್ಲಿ ವಿಳಾಸ ಕೇಳಲು ಬಾಗಿಲು ಬಡಿದವನಿಗೂ ನೀರಿನ ತಂಬಿಗೆಯ ಜೊತೆ ಬೆಲ್ಲ ಬರುತ್ತದೆ.

ಬೆಂಗೇರಿಯ ಒಂದು ಮನೆಯಲ್ಲಿ ಐದು ಜನ. ಹಣೆ ತುಂಬ ವಿಭೂತಿಯ ಅಜ್ಜಿ, ಡಬ್ಬಿ ಕಟ್ಟಿಸಿಕೊಂಡು ತಾರಿಹಾಳದ ವರ್ಕ್‌ಶಾಪಿಗೆ ಹೋಗುವ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಹುಡುಗಿಯರು. ಪ್ರಶ್ನೆ ಯಾರಿಗೇ ಕೇಳಿದರೂ ಉತ್ತರ ಅಜ್ಜಿಯದೇ. ರೊಟ್ಟಿಯ ಅಳತೆಗೆಂದು ನಮಗೆ ರಟ್ಟಿನ ಬಿಲ್ಲೆಗಳನ್ನು ಕೊಟ್ಟಿದ್ದರು. ಅತಿ ದೊಡ್ಡ ಬಿಲ್ಲೆಯನ್ನೂ ತಿರುಗಿಸಿ ನೋಡಿದ ಅಜ್ಜಿ, ಇದು ಹಪ್ಪಳವಲ್ಲವೇ ಎಂದು ಕೇಳಿದರು. ತೂಕದ ಯಂತ್ರ ಹತ್ತಿದಾಗ ಅವರು ಒಂದು ಕೈಯನ್ನು ನನ್ನ ಹೆಗಲ ಮೇಲೆ ಊರಿದರು, ಅರ್ಧ ತೂಕ ನನಗೇ ಬಿತ್ತು. ಕೈ ತೆಗೆಯಿರಿ ಎಂದರೆ, ಬಿದ್ದರೆ ಸರಕಾರ ಬಂದು ಎತ್ತುತ್ತದೇನು ಎಂದರು.

ಹಿಂದಿನ ದಿನದ ಊಟದ ವಿವರ ಮಾತ್ರ ಸರಾಗವಾಗಿ ಬಂತು. ಹನ್ನೆರಡು ಜೋಳದ ರೊಟ್ಟಿ. ಮಗನಿಗೆ ನಾಲ್ಕು, ಹುಡುಗಿಯರಿಬ್ಬರಿಗೂ ಸೇರಿ ಮೂರು, ಅಜ್ಜಿಗೆ ಎರಡು, ಸೊಸೆಗೆ ಮೂರು. ಮಾಡಿದ್ದಕ್ಕೂ ತಿಂದದ್ದಕ್ಕೂ ತಾಳೆಯಾದರೆ ಮಾತ್ರ ನನ್ನ ಟ್ಯಾಬ್ ಮುಂದಿನ ಪುಟ ತೆರೆಯುತ್ತಿತ್ತು. ತೆರೆಯಿತು.

ಇನ್ನೇನು ಏಳಬೇಕು, ಅಡುಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬಂತು. ಮಧ್ಯಾಹ್ನವಾಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಅಜ್ಜಿ ನನ್ನ ಮುಖ ನೋಡಿದರು.

"ಪ್ರಸಾದ ಮಾಡಿ ಹೋಗ್ರಿ."

ಏನೂ ತಿನ್ನುವಂತಿಲ್ಲ, ಕೆಲಸ ಹೋಗುತ್ತದೆ ಎಂದೆ.

"ತಿನ್ನಬ್ಯಾಡ್ರಿ. ಪ್ರಸಾದ ಮಾಡ್ರಿ."

ಅವರಲ್ಲಿ ಊಟಕ್ಕೆ ಊಟ ಎನ್ನುವುದಿಲ್ಲ. ಪೂಜೆ ಮುಗಿಸಿ ಉಣ್ಣುವುದೆಲ್ಲ ಪ್ರಸಾದ, ಪ್ರಸಾದವನ್ನು ಬೇಡ ಎನ್ನುವ ಪದ್ಧತಿಯೇ ಇಲ್ಲ. ನಮ್ಮ ನಿಯಮದ ಪುಸ್ತಕದಲ್ಲೂ ಊಟ, ತಿಂಡಿ, ಚಹಾ ಎಂದಿತ್ತೇ ಹೊರತು ಪ್ರಸಾದದ ಹೆಸರಿರಲಿಲ್ಲ. ಯಾವ ವಕೀಲನಿಗೂ ಇಷ್ಟು ಬೇಗ ದಾರಿ ಹೊಳೆಯುತ್ತಿರಲಿಲ್ಲ. ಸೊಸೆ ಬಡಿಸಿದಳು. ಎರಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೂರನೆಯ ರೊಟ್ಟಿಗೆ ಅಜ್ಜಿ ಒತ್ತಾಯ ಮಾಡಿದಾಗ ಬೇಡ ಎಂದೆ, ನನ್ನ ಸಂಯಮವನ್ನು ನಾನೇ ಮೆಚ್ಚಿಕೊಂಡೆ.

ಮರುದಿನವೂ ಅದೇ ಮನೆಗೆ ಹೋಗಿ ಹಿಂದಿನ ದಿನದ ಊಟ ಕೇಳಬೇಕೆಂಬುದು ಸಮೀಕ್ಷೆಯ ಕ್ರಮ. ಹಿಂದಿನ ದಿನ ಎಂದರೆ ನಾನು ಉಂಡ ದಿನ. ಅದು ನನಗೆ ಹೊಳೆದದ್ದು ಅಜ್ಜಿ ಎಣಿಸತೊಡಗಿದ ಮೇಲೆ. ಅವವೇ ಹನ್ನೆರಡು ರೊಟ್ಟಿ. ನಾಲ್ಕು, ಮೂರು, ಎರಡು, ಮೂರು, ಮೇಲೆ ನನಗೆ ಎರಡು. ಒಟ್ಟು ಹದಿನಾಲ್ಕು. ಟ್ಯಾಬ್ ಕೆಂಪಾಯಿತು. ನನ್ನ ಎರಡನ್ನು ಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಬೆರಳು ಆಗಲೇ ಅಲ್ಲಿಗೆ ಹೋಗಿತ್ತು.

ಸೊಸೆಯ ತೋಳಿನ ಸುತ್ತಳತೆ ತೆಗೆಯುವುದು ಉಳಿದಿತ್ತು, ಅದಕ್ಕೆ ಆಕೆಯನ್ನು ಒಳಕೋಣೆಗೆ ಕರೆದೊಯ್ದೆ. ಸುತ್ತಿದ ಮೇಲೂ ಟೇಪು ಬಹಳ ಉಳಿಯಿತು. ಟ್ಯಾಬ್ ಯಾಕೆ ಕೆಂಪಾಗಿದೆ ಎಂದು ಆಕೆಯೇ ಕೇಳಿದಳು. ಎರಡು ರೊಟ್ಟಿ ಹೆಚ್ಚಾಗುತ್ತಿವೆ ಎಂದೆ. ಆಕೆ ದನಿ ತಗ್ಗಿಸಿದಳು.

"ನಂದು ಮೂರಲ್ರಿ, ಒಂದ. ನಿಮಗ ಹಾಕಿದ್ದು ನನ್ನ ಪಾಲಿನವು."

ಮತ್ತೆ ಮಾಡಿಕೊಳ್ಳಲಿಲ್ಲವೇ ಎಂದು ಕೇಳಿದೆ.

"ಒಬ್ಬಾಕಿ ಸಲುವಾಗಿ ಮತ್ತ ಯಾರು ಹಿಟ್ಟು ನಾದತಾರ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ದಿನಾ ಯಾರರ ಬರತಿರತಾರ."

ಅಜ್ಜಿ ಸುಳ್ಳು ಹೇಳಿರಲಿಲ್ಲ. ಎಲ್ಲರದೂ ಮುಗಿದು ಸೊಸೆ ಉಣ್ಣಲು ಕೂರುವ ಹೊತ್ತಿಗೆ ಅವರು ಒಂದು ನಿದ್ದೆ ತೆಗೆಯುತ್ತಿದ್ದರು. ಮೂರು ಎನ್ನುವುದು ಅವರು ಕಂಡದ್ದಲ್ಲ, ನಂಬಿದ್ದು. ನನಗೆ ನಾಚಿಕೆಯಾಯಿತು, ನನ್ನ ನಾಲಿಗೆಯ ಮೇಲೆ ಸಿಟ್ಟೂ ಬಂತು. ದೊಡ್ಡ ಮನಸ್ಸಿನಿಂದ ಬೇಡ ಎಂದೆನಲ್ಲ, ಆ ಮೂರನೆಯ ರೊಟ್ಟಿಯೇ ಆಕೆಯ ಊಟವಾಗಿತ್ತು. ಸೊಸೆ ಒಂದು, ಅತಿಥಿ ಒಬ್ಬರು, ರೊಟ್ಟಿ ಎರಡು ಎಂದು ಬರೆದೆ. ಟ್ಯಾಬ್ ಹಸಿರಾಯಿತು.

ಸಂಜೆಯೇ ಮೇಲ್ವಿಚಾರಕರು ವಿದ್ಯಾನಗರದ ಕಚೇರಿಗೆ ಕರೆಸಿ, ಈ ಅತಿಥಿ ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ನಾಳೆ ತಾವೇ ಆ ಮನೆಗೆ ಹೋಗಿ ವಿಚಾರಿಸುವುದಾಗಿಯೂ, ಅಲ್ಲಿಯವರೆಗೆ ನಾನು ಟ್ಯಾಬ್ ಇಟ್ಟು ಹೋಗಬೇಕೆಂದೂ ಹೇಳಿದರು. ಮನೆಗೆ ಬಂದು ಅಪ್ಪನಿಗೆ ಏನೂ ಹೇಳಲಿಲ್ಲ. ಡಬ್ಬಿಯಲ್ಲಿ ಅವಲಕ್ಕಿ ಎಷ್ಟಿದೆ ಎಂದು ಮಾತ್ರ ಒಮ್ಮೆ ತೆರೆದು ನೋಡಿದೆ.

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಬೆಂಗೇರಿಯಿಂದ ಮರಳಿದರು. ಫಾರ್ಮ್ ಸರಿಯಾಗಿದೆ ಎಂದು ಹೇಳಿ, ನನ್ನ ಮುಖ ನೋಡದೆ ಟ್ಯಾಬನ್ನು ಕೈಗಿತ್ತರು. ಮುಂದಿನ ಸುತ್ತಿಗೂ ನೀವೇ ಇರಿ ಎಂದರು. ಅವರ ಬಿಳಿ ಅಂಗಿಯ ಎದೆಯ ಮೇಲೆ ಎಣ್ಣೆಗಾಯಿಯ ಕಲೆ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ರೊಟ್ಟಿ ಸರ್ ಎಂದು ಕೇಳಿಯೇಬಿಟ್ಟೆ.

"ಬೇಡ ಅಂದರೂ ಅಜ್ಜಿ ಕೇಳಲಿಲ್ಲರಿ," ಎಂದರು. "ಮೂರು."

ನಗು ಅಲ್ಲಿಗೇ ನಿಂತಿತು. ಆ ದಿನ ಸೊಸೆ ಏನು ಉಂಡಳೆಂದು ಕೇಳಲು ಇನ್ನು ಯಾರೂ ಹೋಗುವಂತಿರಲಿಲ್ಲ, ಆ ಮನೆಯ ಎರಡು ದಿನದ ಸಮೀಕ್ಷೆ ಮುಗಿದಿತ್ತು.